ತಗ್ಗು ಬಾಗಿಲಿಗೆ ನೀವು ಬಗ್ಗಿದ ರೀತಿ

ನಾಪತ್ತೆಯಾದವರ ಹಾಗೂ ಪುನರ್ವಸತಿ ಇಲಾಖೆಯ ಮಾನ್ಯ ಸಚಿವರೇ,

ಮುಂದಿನ ಅಧಿವೇಶನದಲ್ಲಿ ನೀವು ಮಂಡಿಸಲಿರುವ ಮಸೂದೆಯ ಸುದ್ದಿ ಓದಿದೆ. ಸಂಘರ್ಷದ ವರ್ಷಗಳಲ್ಲಿ ಕಾಣೆಯಾದವರನ್ನೆಲ್ಲ ಒಂದೇ ಏಟಿಗೆ ಮೃತರೆಂದು ಘೋಷಿಸಿ, ಅವರ ಕಡತಗಳನ್ನು ಮುಚ್ಚಿ, ಇನ್ನು ಮುಂದೆ ಯಾರೂ ಯಾರನ್ನೂ ಏನನ್ನೂ ಕೇಳುವಂತಿಲ್ಲ ಎಂದು ಕಾನೂನು ಮಾಡುವುದು ಅದರ ಸಾರವಂತೆ. ಅದಕ್ಕೆ 'ಹೊಸ ಪುಟ' ಎಂದು ಹೆಸರಿಟ್ಟಿದ್ದೀರಿ. ಹೆಸರಿಡುವುದರಲ್ಲಿ ನೀವು ಎತ್ತಿದ ಕೈ. ಹಿಂದೆ ನೀವು ಕಾಡಿನಲ್ಲಿದ್ದಾಗ ನಿಮ್ಮ ಪಡೆಯವರು ಮನೆಮನೆಯಿಂದ ಜನರನ್ನು ಎಳೆದೊಯ್ದಾಗ ಅದಕ್ಕೆ 'ವಿಚಾರಣೆ' ಎಂಬ ಹೆಸರಿತ್ತು. ಸರ್ಕಾರದ ಪಡೆಯವರು ಎಳೆದೊಯ್ದಾಗಲೂ ಅದೇ ಹೆಸರು. ಈ ಒಂದು ವಿಷಯದಲ್ಲಿ ಎರಡೂ ಕಡೆಯವರಿಗೆ ಮೊದಲಿನಿಂದಲೂ ಒಮ್ಮತವಿತ್ತು. ನನ್ನ ತಮ್ಮ ನಿಮ್ಮ ಕಡೆಯ ವಿಚಾರಣೆಗೆ ಹೋದವನು. ಅವನನ್ನು ಎಲ್ಲಿ ಹೂತಿರಿ ಎಂದು ಕೇಳುವ ಹಕ್ಕು ನನಗೂ ಅಮ್ಮನಿಗೂ ಇನ್ನು ಕೆಲವೇ ವಾರ ಉಳಿದಿದೆ. ಆದ್ದರಿಂದ ಎಲ್ಲರೆದುರು ಕೇಳುತ್ತಿದ್ದೇನೆ.

ನಾಪತ್ತೆಯಾದವರ ಇಲಾಖೆಯನ್ನು ನಿಮಗೇ ಕೊಟ್ಟಾಗ ನಮ್ಮ ಬಸ್ ನಿಲ್ದಾಣದಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಯೋಚಿಸಿ ನೋಡಿದರೆ ಆ ಖಾತೆಗೆ ನಿಮ್ಮಷ್ಟು ಅರ್ಹರು ಇನ್ನೊಬ್ಬರಿಲ್ಲ. ಬೇರೆಯವರಾಗಿದ್ದರೆ ಹುಡುಕಿಸಬೇಕಿತ್ತು. ನೀವಾದರೆ ನೆನಪಿಸಿಕೊಂಡರೆ ಸಾಕು.

ಹೀಗೆಂದ ಮಾತ್ರಕ್ಕೆ ನೀವು ರಾಜಕೀಯಕ್ಕೆ ಬಂದದ್ದೇ ತಪ್ಪು ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವವಳು. ಆ ವರ್ಷಗಳಲ್ಲಿ ಹೊರಡುವ ಬಸ್ಸುಗಳನ್ನು ಮಾತ್ರ ಕೂಗುತ್ತಿದ್ದೆ. ಬರುವ ಬಸ್ಸು ಬರುತ್ತದೋ ಇಲ್ಲವೋ ಯಾರಿಗೆ ಗೊತ್ತಿತ್ತು? ರಸ್ತೆಯಲ್ಲಿ ಬಾಂಬು ನಿಮ್ಮವರದು, ಬಸ್ಸಿನಿಂದ ಇಳಿಸಿ ಸಾಲಾಗಿ ನಿಲ್ಲಿಸುವ ಬಂದೂಕು ಸರ್ಕಾರದವರದು. ಶಾಂತಿ ಒಪ್ಪಂದದ ಮೇಲೆ ನೀವು ಸಹಿ ಹಾಕಿದ ವಾರದಲ್ಲೇ ಸಂಜೆಯ ಬಸ್ಸು ಮತ್ತೆ ಶುರುವಾಯಿತು. ಮೊದಲ ದಿನ ಅದನ್ನು ಬೇಕಿಲ್ಲದಿದ್ದರೂ ಮೂರು ಸಲ ಕೂಗಿದೆ. ಆ ಬಸ್ಸಿಗಾಗಿ ನಿಮಗೂ ನಾವು ಋಣಿಗಳು ಎಂದು ಒಪ್ಪುತ್ತೇನೆ. ನಿಮ್ಮ ಜನ ಕಾಡು ಸೇರಲು ಕಾರಣಗಳಿದ್ದವು ಎಂಬುದನ್ನೂ ಒಪ್ಪುತ್ತೇನೆ. ಠಾಣೆಯ ಹಿಂದಿನ ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ಊರಿಗೆಲ್ಲ ತಿಳಿದಿತ್ತು. ಆ ಕೋಣೆಯ ಲೆಕ್ಕವನ್ನೂ ನಿಮ್ಮ ಮಸೂದೆ ಮುಚ್ಚಿಬಿಡುತ್ತದೆ, ಅದಕ್ಕೇ ವಿರೋಧ ಪಕ್ಷದವರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನೀವು ಬಂದಿದ್ದ ಮನೆ. ಅಭ್ಯರ್ಥಿಯಾಗಿ ನೀವು ನಮ್ಮ ಬೀದಿಗೆ ಬಂದ ದಿನ ನೆನಪಿದೆಯೇ? ಬಿಳಿ ಅಂಗಿ, ಹೊಸ ಚಪ್ಪಲಿ, ಹಿಂದೆ ಚುನಾವಣಾ ಏಜೆಂಟು, ಅವರ ಹಿಂದೆ ಕರಪತ್ರ ಹಂಚುವವರು. ಹೊರಕೋಣೆಯಲ್ಲಿ ನಿಂತು "ಮನೇಲಿ ಯಾರ್ಯಾರಿದ್ದೀರಿ ತಾಯಿ?" ಎಂದು ನನ್ನನ್ನು ಕೇಳಿದಿರಿ. ಅಮ್ಮ ಒಳಗಿದ್ದಾಳೆ, ಮಂಡಿನೋವು, ಎದ್ದು ಬರಲಾಗುವುದಿಲ್ಲ ಎಂದೆ. "ಹಿರಿಯರು ಅವರೇ ಯಾಕೆ ಬರಬೇಕು, ನಾವೇ ಹೋಗೋಣ" ಎನ್ನುತ್ತ ಒಳಕೋಣೆಯ ಕಡೆ ಹೆಜ್ಜೆ ಹಾಕಿದಿರಿ. ಮುಖ ನನ್ನ ಕಡೆಗಿತ್ತು, ನನ್ನ ಕೆಲಸದ ಬಗ್ಗೆ ಏನೋ ಕೇಳುತ್ತಿದ್ದಿರಿ. ಬಾಗಿಲ ಕಡೆ ನಿಮ್ಮ ಕಣ್ಣೇ ಇರಲಿಲ್ಲ. 'ತಲೆ' ಎಂದು ಕೂಗಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀವು ಬಗ್ಗಿಯಾಗಿತ್ತು. ತಿರುಗಿ ನೋಡಲೂ ಇಲ್ಲ. ಮಾತು ನಿಲ್ಲಿಸದೆ, ಎಡಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಬೇಕಾದಷ್ಟೇ ಬಗ್ಗಿ ಒಳಗೆ ಹೋದಿರಿ. ನಿಮ್ಮ ಹಿಂದೆ ಬಂದ ಏಜೆಂಟು ಮಹಾಶಯ ಹಣೆ ಚಚ್ಚಿಕೊಂಡು ಅಲ್ಲೇ ಕೂತರು.

ಆ ಬಾಗಿಲು ನಮ್ಮ ದೊಡ್ಡಪ್ಪನ ಕೈಕೆಲಸ. ದೊಡ್ಡಪ್ಪ ಒಳ್ಳೆಯ ಬಡಗಿ, ಆದರೆ ಆಳು ಕುಳ್ಳ. ಅಳತೆಗೋಲು ಸಿಗದ ದಿನ ತನ್ನ ಎತ್ತರವನ್ನೇ ಅಳತೆ ಮಾಡಿಕೊಂಡು ಚೌಕಟ್ಟು ಕೂರಿಸಿಬಿಟ್ಟ. ಅಪ್ಪ ಅದನ್ನು ನೋಡಿ ರೇಗಿದಾಗ "ನನಗೆ ಸರಿಯಾಗೇ ಇದೆಯಲ್ಲೋ" ಎಂದನಂತೆ. ಅಂದಿನಿಂದ ನಮ್ಮ ಮನೆಗೆ ಮೊದಲ ಸಲ ಬಂದವರೆಲ್ಲ ಅಲ್ಲಿ ಹಣೆ ಬಡಿಸಿಕೊಂಡವರೇ. ನನ್ನನ್ನು ನೋಡಲು ಬಂದ ಗಂಡಿನ ಚಿಕ್ಕಪ್ಪನಿಗೂ ಬಡಿಯಿತು, ಆ ಸಂಬಂಧ ಅಲ್ಲಿಗೇ ನಿಂತಿತು. ಯಾರು ಬಾಗಿಲ ಹತ್ತಿರ ಹೋದರೂ 'ತಲೆ, ತಲೆ' ಎಂದು ಕೂಗುವುದು ಮನೆಮಂದಿಗೆಲ್ಲ ರೂಢಿ. ಕೂಗಿದರೂ ಬಡಿಯುತ್ತದೆ. ಯಾಕೆಂದರೆ ಹೊಸಬರು ತಲೆ ಎತ್ತಿ, ಏನು ಎಂದು ನೋಡುತ್ತಾರೆ. ಒಮ್ಮೆ ಬಡಿಸಿಕೊಂಡವರಿಗೆ ಮಾತ್ರ ಅದು ಮೈಯಲ್ಲಿ ಉಳಿಯುತ್ತದೆ. ಆಮೇಲೆ ಎಷ್ಟು ವರ್ಷ ಬಿಟ್ಟು ಬಂದರೂ ಅವರು ಬಗ್ಗುತ್ತಾರೆ.

ಒಳಕೋಣೆ ತಮ್ಮನ ರಿಪೇರಿ ಕೋಣೆಯಾಗಿತ್ತು. ಸಣಕಲು ಮೈ, ಸದಾ ಕೈಯಲ್ಲಿ ವೈರು, ಹೀಗಾಗಿ ಬೀದಿಯವರೆಲ್ಲ ಅವನನ್ನು 'ತಂತಿ' ಎನ್ನುತ್ತಿದ್ದರು. ರೇಡಿಯೋ, ಟೀವಿ, ಮಿಕ್ಸರ್, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ. ಠಾಣೆಯವರು ವೈರ್‌ಲೆಸ್ ಸೆಟ್ಟು ತಂದುಕೊಟ್ಟರು, ರಿಪೇರಿ ಮಾಡಿದ. ಅದೇ ತಿಂಗಳು ನಿಮ್ಮವರು ಚೀಲದಲ್ಲಿ ಮುಚ್ಚಿಕೊಂಡು ಒಂದು ರೇಡಿಯೋ ತಂದರು, ಅದನ್ನೂ ತೆಗೆದುಕೊಂಡ. ನಾನು ಬೈದೆ. ಅವನು ನನಗೆ ಹೇಳಿದ್ದಿಷ್ಟು: "ಯಾರದ್ದು ಅಂತ ಕೇಳಿ ರಿಪೇರಿ ಮಾಡೋಕಾಗುತ್ತಾ ಅಕ್ಕ? ಕೆಟ್ಟಿದೆ, ಅಷ್ಟೇ." ನಿಮ್ಮ ಭಾಷೆಯಲ್ಲಿ ಇಂಥವನನ್ನು 'ಮಾಹಿತಿದಾರ' ಎನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಮೂವರು ಬಂದರು. ಮುಖಕ್ಕೆ ಬಟ್ಟೆ ಕಟ್ಟಿದ್ದರು. ನಾನು ಆಗತಾನೆ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಇಬ್ಬರು ನಮ್ಮ ಕಡೆ ಬಂದೂಕು ಹಿಡಿದು ನಿಂತರು. ಮೂರನೆಯವನು, ಉಳಿದವರಿಗೆ ಕಣ್ಣಲ್ಲೇ ಅಪ್ಪಣೆ ಕೊಡುತ್ತಿದ್ದವನು, ಒಳಕೋಣೆಗೆ ನುಗ್ಗಿದ. ಕೋಣೆಯಿಂದ ತಮ್ಮ ಬೆಸುಗೆ ಹಾಕುತ್ತಿದ್ದ ವಾಸನೆ ಬರುತ್ತಿತ್ತು. ಅಮ್ಮ, ಮಗನನ್ನು ಕೊಲ್ಲಲು ಬಂದವನಿಗೆ, ಅಭ್ಯಾಸಬಲದಿಂದ ಕೂಗಿದಳು: "ತಲೆ ಜೋಪಾನ, ಮಗಾ."

ತಡವಾಗಿತ್ತು. ಚೌಕಟ್ಟು ಹುಬ್ಬಿನ ಮೇಲೆ ಸರಿಯಾಗಿ ಬಡಿಯಿತು. ಬಟ್ಟೆಯ ಒಳಗಿಂದ ರಕ್ತ ಇಳಿಯಿತು. ಅವನು ಗೋಡೆ ಹಿಡಿದು ನಿಂತ. ಕಾವಲಿಗಿದ್ದ ಒಬ್ಬ ಕಿಸಕ್ಕನೆ ನಕ್ಕ. ಅಮ್ಮ ಮಡಚಿಟ್ಟಿದ್ದ ಬಟ್ಟೆಗಳಲ್ಲಿ ತಮ್ಮನ ಒಂದು ಟವೆಲ್ಲನ್ನು ಎತ್ತಿ, ನನ್ನ ಚೊಂಬಿನ ನೀರಲ್ಲಿ ಅದ್ದಿ, ಹಿಂಡಿ ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ. ಅದನ್ನು ಹಣೆಗೆ ಒತ್ತಿಕೊಂಡೇ ನನ್ನ ತಮ್ಮನನ್ನು ಎಳೆದುಕೊಂಡು ಹೋದ. ಹೊರಗೆ ಬರುವಾಗ ಇಬ್ಬರೂ ಒಟ್ಟಿಗೆ ಬಗ್ಗಿದರು. "ವಿಚಾರಣೆ ಮಾಡಿ ಬೆಳಿಗ್ಗೆ ಕಳಿಸ್ತೀವಿ" ಅಂದ. ಟವೆಲ್ಲೂ ಬರಲಿಲ್ಲ, ತಮ್ಮನೂ ಬರಲಿಲ್ಲ. ಕಾದ ಬೆಸುಗೆ ಕಡ್ಡಿ ಮೇಜಿನ ಮೇಲೆ ಹಾಗೇ ಬಿದ್ದು ಮರ ಸುಡುತ್ತಿತ್ತು. ನಮಗೆ ಅದನ್ನು ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಆ ಕಪ್ಪು ಗೆರೆ ಇಂದಿಗೂ ಮೇಜಿನ ಮೇಲಿದೆ.

ಮಾನ್ಯ ಸಚಿವರೇ, ನನ್ನ ಮೈಕಿನ ಗೂಡಿನ ಎದುರು ಗೋಡೆಗೆ ನಿಮ್ಮ ದೊಡ್ಡ ಚಿತ್ರ ಅಂಟಿಸಿದ್ದಾರೆ. ಎಡ ಹುಬ್ಬಿನ ಮೇಲೊಂದು ಗಾಯದ ಗುರುತು. ನಿಮ್ಮ ಪಕ್ಷದ ಕರಪತ್ರ ಅದನ್ನು 'ದಬ್ಬಾಳಿಕೆಯ ಗುಂಡು ಸವರಿ ಹೋದ ಗುರುತು' ಎಂದು ಕೊಂಡಾಡುತ್ತದೆ. ಸಭೆಗಳಲ್ಲಿ ಜನ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದನ್ನೂ ನೋಡಿದ್ದೇನೆ. ಅದು ನಮ್ಮ ದೊಡ್ಡಪ್ಪ ಕೂರಿಸಿದ ಚೌಕಟ್ಟಿನ ಗುರುತು, ಸ್ವಾಮಿ. ಬೇಕಾದರೆ ಬಂದು ಹೊಂದಿಸಿ ನೋಡಿ.

ಇದನ್ನೆಲ್ಲ ನಿಮ್ಮ ಇಲಾಖೆ ನೇಮಿಸಿದ ಆಯೋಗದ ಮುಂದೆ ಹೇಳಿದ್ದೇನೆ. ಅಧ್ಯಕ್ಷರು ಸಭ್ಯಸ್ಥರು. "ಮುಖ ಮುಚ್ಚಿಕೊಂಡಿದ್ದರು ಅಂತೀರಿ. ಮತ್ತೆ ಹೇಗೆ ಗುರುತಿಸಿದಿರಿ?" ಎಂದರು. "ಬಗ್ಗಿದರು ಸಾರ್" ಎಂದೆ. ಟೈಪು ಮಾಡುತ್ತಿದ್ದವಳ ಕೈ ನಿಂತಿತು. ಅಧ್ಯಕ್ಷರು ನಿಟ್ಟುಸಿರುಬಿಟ್ಟು "ಮತ ಕೇಳಲು ಬಂದಾಗ ಎಲ್ಲರೂ ಬಗ್ಗುತ್ತಾರಮ್ಮ" ಎಂದರು. ಸಾಕ್ಷ್ಯಾಧಾರಗಳ ಕೊರತೆ ಎಂದು ಬರೆದು ನಮ್ಮ ಅರ್ಜಿಗೆ ಎಳ್ಳುನೀರು ಬಿಟ್ಟರು. ಅವರನ್ನು ದೂರಿ ಏನು ಪ್ರಯೋಜನ? ಅವರಿಗೆ ಆ ಬಾಗಿಲು ಬಡಿದಿಲ್ಲ.

ಆದರೆ ಅಮ್ಮ ನಿಮ್ಮನ್ನು ಕೇಳಿದ್ದನ್ನು ನಾನು ಆಯೋಗಕ್ಕೆ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ. ಪ್ರಚಾರಕ್ಕೆ ಬಂದ ಆ ದಿನ ನೀವು ಅಮ್ಮನ ಮುಂದೆ ಕೂತು, ಅವಳ ಕೈ ಹಿಡಿದುಕೊಂಡು "ನನ್ನನ್ನೂ ನಿಮ್ಮ ಮಗ ಅಂತ ತಿಳ್ಕೊಳ್ಳಿ" ಎಂದಿರಿ. ಎಲ್ಲ ಮನೆಯಲ್ಲೂ ಹೇಳುವ ಮಾತೇ ಇರಬೇಕು. ಅಮ್ಮ ನಿಮ್ಮ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಹಣೆ ವಾಸಿ ಆಯ್ತಾ?"

ನಿಮ್ಮ ಕೈ ಹುಬ್ಬಿಗೆ ಹೋಯಿತು. "ಹಳೇ ಗಾಯ ಅಮ್ಮ. ಗುಂಡಿಂದು" ಎಂದಿರಿ. ಕಣ್ಣು ಮೇಜಿನ ಮೇಲಿನ ಸುಟ್ಟ ಗೆರೆಯ ಮೇಲಿತ್ತು. ಮತ ಕೇಳುವುದನ್ನೇ ಮರೆತು ಎದ್ದಿರಿ. ಹೋಗುವಾಗಲೂ ಬಗ್ಗಿದಿರಿ.

ಮತದಾನದ ಹಿಂದಿನ ದಿನ ಅಮ್ಮ "ಅವನಿಗೇ ಹಾಕು" ಎಂದಾಗ ನಾನು ಕೆರಳಿದೆ. "ತಲೆ ಕೆಟ್ಟಿದೆಯಾ ನಿಂಗೆ? ಗೊತ್ತಿದ್ದೂ ಗೊತ್ತಿದ್ದೂ?"

"ಗೊತ್ತಿದೆ ಅಂತಲೇ ಹೇಳ್ತಿರೋದು. ಸೋತ್ರೆ ಮತ್ತೆ ಕಾಡಿಗೆ ಹೋಗ್ತಾನೆ. ಅಲ್ಲಿ ಎಲ್ಲಿ ಅಂತ ಹುಡುಕ್ತೀಯ? ಗೆದ್ರೆ ಅವನಿಗೊಂದು ಆಫೀಸು ಇರುತ್ತೆ, ಬೋರ್ಡು ಇರುತ್ತೆ. ಹೋಗಿ ಬಾಗಿಲು ತಟ್ಟಬಹುದು."

ಹಾಗಾಗಿ, ಸಚಿವರೇ, ನಾವಿಬ್ಬರೂ ನಿಮಗೇ ಮತ ಹಾಕಿದೆವು. ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಹಾಕಿಸಿದೆ. ಬಟನ್ ಒತ್ತಿದ ಬೆರಳು ಆ ರಾತ್ರಿಯಿಡೀ ನನ್ನದಲ್ಲ ಅನ್ನಿಸಿತು. ನೀವು ತೀರಾ ಕಡಿಮೆ ಅಂತರದಲ್ಲಿ ಗೆದ್ದಿರಿ. ಪ್ರಜಾಪ್ರಭುತ್ವದ ಮೇಲೆ ನಿಮಗೆ ನಂಬಿಕೆ ಬಂದಿದೆ ಎಂದು ವಿಜಯದ ಭಾಷಣದಲ್ಲಿ ಹೇಳಿದಿರಿ. ನಮಗೂ ಇದೆ, ಅದಕ್ಕೇ ತಟ್ಟುತ್ತಿದ್ದೇವೆ. ನಿಮ್ಮ ಕಚೇರಿಗೆ ಎಷ್ಟು ಸಲ ಬಂದೆ ಎಂಬುದನ್ನು ನಿಮ್ಮ ಆಪ್ತ ಕಾರ್ಯದರ್ಶಿಯನ್ನು ಕೇಳಿ. "ಸಾಹೇಬರು ಮೀಟಿಂಗಲ್ಲಿದ್ದಾರೆ" ಎಂದು ಅವರು ನನ್ನ ಬಸ್ ಘೋಷಣೆಗಿಂತ ಚೆನ್ನಾಗಿ ಹೇಳುತ್ತಾರೆ. ಬಂದೂಕು ಹಿಡಿದಿದ್ದಾಗ ನೀವಾಗಿಯೇ ನಮ್ಮ ಮನೆಗೆ ಬಂದಿರಿ, ಮತ ಬೇಕಾದಾಗಲೂ ಬಂದಿರಿ. ಉತ್ತರ ಕೊಡುವ ಸರದಿ ಬಂದಾಗ ಮಾತ್ರ ಭೇಟಿಯ ಸಮಯ ನಿಗದಿಯಾಗಬೇಕೇ?

ಬಾಗಿಲನ್ನು ಎತ್ತರಿಸೋಣ ಎಂದು ಅಮ್ಮನಿಗೆ ಹೇಳಿ ಸೋತಿದ್ದೇನೆ. "ನಿನ್ ತಮ್ಮ ಬಂದಾಗ ಅಭ್ಯಾಸಕ್ಕೆ ಬಗ್ತಾನೆ. ಬಾಗಿಲು ಬೇರೆ ಥರ ಇದ್ರೆ ನಮ್ಮನೆ ಅಲ್ಲ ಅನ್ಕೊಂಡು ವಾಪಸ್ ಹೋದ್ರೆ?" ಎನ್ನುತ್ತಾಳೆ. ಅವನು ಇಲ್ಲ ಎಂಬುದು ಅವಳಿಗೆ ತಿಳಿದಿಲ್ಲ ಎಂದುಕೊಳ್ಳಬೇಡಿ. ತಿಳಿದಿದೆ. ಆದರೂ ಗಾಳಿಗೆ ಹೊರಬಾಗಿಲು ಕಿರುಗುಟ್ಟಿದರೆ ಅಡುಗೆಮನೆಯಿಂದ 'ತಲೆ' ಎನ್ನುತ್ತಾಳೆ. ಯಾರೂ ಬಂದಿರುವುದಿಲ್ಲ. ಅವಳು ಕೂಗಿದಾಗ ಎಲ್ಲಿ ನಿಂತಿದ್ದರೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಮೈಕಿನ ಮುಂದೆ ಕೂತು ಯಾರದೋ ಕಳೆದುಹೋದ ಮಗುವಿನ ಬಟ್ಟೆ, ಬಣ್ಣ, ವಯಸ್ಸು ಹೇಳುವಾಗ ತಮ್ಮನ ಅಂಗಿಯ ಬಣ್ಣ ಬಾಯಿಗೆ ಬಂದುಬಿಡುತ್ತದೆ. ಒಮ್ಮೆ ಹೇಳಿಯೇಬಿಟ್ಟಿದ್ದೆ. ಪ್ರಯಾಣಿಕರು ಸುತ್ತಮುತ್ತ ನೋಡಿದರು, ಪಾಪ. ನಿಮ್ಮ 'ಹೊಸ ಪುಟ' ಇಂಥ ಮನೆಗಳಿಗೆ ಏನು ಹೇಳುತ್ತದೆ? ಮರಣ ಪ್ರಮಾಣಪತ್ರ ತೆಗೆದುಕೊಂಡು ಸುಮ್ಮನಿರಿ ಎಂದೇ?

ನಿಮ್ಮಿಂದ ರಾಜೀನಾಮೆ ಕೇಳುತ್ತಿಲ್ಲ. ನೀವು ಆ ಕುರ್ಚಿಯಲ್ಲೇ ಇರಬೇಕು, ಇಲ್ಲದಿದ್ದರೆ ನಮ್ಮ ಎರಡು ಮತ ನೀರಲ್ಲಿ ಹೋಮವಾದಂತೆ. ಮಸೂದೆಯನ್ನು ಹಿಂತೆಗೆದುಕೊಳ್ಳಿ. ಶಿಕ್ಷೆ ಏನೆಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ, ನಿಮ್ಮದನ್ನೂ, ಠಾಣೆಯ ಆ ಹಿಂದಿನ ಕೋಣೆಯವರದನ್ನೂ. ಅದಕ್ಕೂ ಮೊದಲು ಒಂದು ದಿನ ಏಜೆಂಟು, ಕ್ಯಾಮೆರಾ, ಕಾವಲು ಯಾವುದೂ ಇಲ್ಲದೆ ನಮ್ಮ ಮನೆಗೆ ಬನ್ನಿ. ಒಳಕೋಣೆಯಲ್ಲಿ ಆ ಮೇಜಿನ ಮುಂದೆ ಕೂತು ಅಮ್ಮನಿಗೆ ಜಾಗ ಹೇಳಿ. ಯಾವ ಗುಡ್ಡ, ಯಾವ ಮರ, ಯಾವ ಹಳ್ಳದ ದಂಡೆ. ಅವಳು ಕೂಗಾಡುವವಳಲ್ಲ. ನಿಮಗೆ ಅದು ಗೊತ್ತು.

ಜಾಗ ಗೊತ್ತಾದ ಮರುದಿನವೇ ಬಡಗಿಯನ್ನು ಕರೆಸು ಎಂದು ಅಮ್ಮ ಹೇಳಿದ್ದಾಳೆ. ಅಲ್ಲಿಯವರೆಗೆ ಬಾಗಿಲು ಹಾಗೇ ಇರುತ್ತದೆ. ಅದರ ಎತ್ತರ ನಿಮಗೆ ತಿಳಿದೇ ಇದೆ.

ಇಂತಿ,
ನಿಮ್ಮನ್ನು ಗೆಲ್ಲಿಸಿದ ಇಬ್ಬರು ಹೆಂಗಸರಲ್ಲಿ ಕಿರಿಯವಳು,
ತಂತಿಯ ಅಕ್ಕ,
ಇನ್ನೂ ಬಾರದ ಬಸ್ಸನ್ನು ಕೂಗುತ್ತಿರುವವಳು