ಬಿಟ್ಟುಹೋದ ಕ್ರಿಯಾಪದ

ಮನೆಯಿಂದ,
ಜೂನ್ ೧೪, ಶುಕ್ರವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಹೊಸ ಕೆಲಸದಲ್ಲಿ ಮೂಟೆ ಎತ್ತುವುದೂ ಇದೆ ಎಂದು ನಿನ್ನ ಹಳೆಯ ಗೆಳೆಯ, ನಮ್ಮ ಬ್ರೆಡ್ ಕಾರ್ಖಾನೆಯ ಒಲೆ ನೋಡಿಕೊಳ್ಳುವವನು, ಹೇಳಿದ. ವಿಳಾಸ ಕೊಟ್ಟವನೂ ಅವನೇ. ಅವನ ಮೇಲೆ ಸಿಟ್ಟಾಗಬೇಡ, ನಾನೇ ಬೆನ್ನು ಬಿದ್ದು ಕಿತ್ತುಕೊಂಡೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಮಾತು ಎತ್ತುವುದಿಲ್ಲ. ಆದರೆ ನಿನ್ನ ಹಾಸಿಗೆಯ ಹೊದಿಕೆಯನ್ನು ವಾರಕ್ಕೊಮ್ಮೆ ಒಗೆಯುತ್ತಾಳೆ. ಯಾರೂ ಮಲಗದ ಹಾಸಿಗೆಗೆ ಎಂಥ ಕೊಳೆ ಎಂದು ನಾನು ಕೇಳಿಲ್ಲ.

ನಾನು ಇಂಗ್ಲಿಷ್ ವ್ಯಾಕರಣದ ತರಗತಿಗೆ ಸೇರಿದ್ದೇನೆ. ನಗಬೇಡ. ಮೇಲಿನ ಹುದ್ದೆಗೆ ಪರೀಕ್ಷೆ ಬರೆಯಬೇಕಂತೆ. ಆಫೀಸು ಬಿಟ್ಟ ಮೇಲೆ ಒಂದು ಗಂಟೆ, ಹನ್ನೆರಡು ಜನ, ಮಕ್ಕಳ ಬೆಂಚಿನಲ್ಲಿ ಕಾಲು ಮಡಚಿಕೊಂಡು ಕೂರುತ್ತೇವೆ. ಕಲಿಸುವವರು ನಿವೃತ್ತ ಟೀಚರಮ್ಮ. ಹೋದ ತಿಂಗಳು ಜೋಡಿ ಪದಗಳ ಪಾಠ. ಐದರ್ ಬಂದರೆ ಆರ್ ಬರಬೇಕು, ನೈದರ್ ಬಂದರೆ ನಾರ್, ಬೋತ್ ಬಂದರೆ ಆಂಡ್. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಡೆಯಲಾಗುವುದಿಲ್ಲ ಎಂದರು. ಜೋಡಿಯ ಒಂದು ಪದದ ಮುಂದೆ ಎಂಥ ಮಾತಿದೆಯೋ ಇನ್ನೊಂದರ ಮುಂದೆಯೂ ಅಂಥದೇ ಇರಬೇಕಂತೆ. ಒಂದು ಕಡೆ ಹೆಸರು, ಇನ್ನೊಂದು ಕಡೆ ಕೆಲಸ ಇಟ್ಟರೆ ವಾಕ್ಯ ಕುಂಟುತ್ತದಂತೆ. ಕ್ರಿಯಾಪದ ಏಕವಚನವೋ ಬಹುವಚನವೋ? ಬೋತ್ ಇದ್ದರೆ ಬಹುವಚನವೇ. ನೈದರ್, ನಾರ್ ಇದ್ದರೆ ಅದು ತನಗೆ ಹತ್ತಿರ ನಿಂತವರ ಮಾತು ಕೇಳುತ್ತದೆ. ಇಷ್ಟೇ ನಿಯಮ ಅಣ್ಣಾ, ಎರಡು ನಿಮಿಷದ್ದು.

ಆಮೇಲೆ ನನ್ನ ಪಕ್ಕದಲ್ಲಿ ಕೂರುವ ಬಸ್ ಕಂಡಕ್ಟರನ್ನು ಬೋರ್ಡಿಗೆ ಕರೆದರು. ಡ್ರೈವರುಗಳಿಗಾಗಲಿ ನನಗಾಗಲಿ ಯಾರೂ ಹೇಳಿರಲಿಲ್ಲ ಎಂದು ಬರೆಯಬೇಕಿತ್ತು. ಆತ ನೈದರ್ ದ ಡ್ರೈವರ್ಸ್ ನಾರ್ ಐ ಎಂದು ಬರೆದು, ತಡವರಿಸಿ, ನೇರವಾಗಿ ಟೋಲ್ಡ್ ಎಂದು ಮುಗಿಸಿದ. ಟೀಚರಮ್ಮ, "ಮಧ್ಯದ ವಾಸ್ ಎಲ್ಲಿ ಹೋಯ್ತಪ್ಪಾ? ಅದನ್ನ ಬಿಟ್ರೆ, ನಿಮಗೆ ಯಾರೂ ಹೇಳಲಿಲ್ಲ ಅನ್ನೋದು ಹೋಗಿ, ನೀವೇ ಯಾರಿಗೂ ಹೇಳಲಿಲ್ಲ ಅಂತ ಆಗುತ್ತೆ" ಎಂದರು. ಎಲ್ಲರೂ ನಕ್ಕರು. ನನಗೆ ನಿನ್ನ ಹೇಳಿಕೆಯ ಹಾಳೆ ಕಣ್ಣ ಮುಂದೆ ಬಂತು.

ಆ ದಿನವನ್ನು ನಿನಗೆ ನೆನಪಿಸಬೇಕಿಲ್ಲ. ಆದರೂ ನನ್ನ ಪಾಲಿನದನ್ನು ಬರೆಯಲೇಬೇಕು. ಬ್ರೆಡ್ ಕಾರ್ಖಾನೆಯ ಹಿಟ್ಟು ಕಲಸುವ ಯಂತ್ರ ಮುಚ್ಚಳ ತೆರೆದ ಕೂಡಲೇ ನಿಲ್ಲಬೇಕಿತ್ತು. ಹಿಂದಿನ ಪಾಳಿಯವರು ಮುಚ್ಚಳದ ಕೆಟ್ಟ ಲಾಕಿಗೆ ತಂತಿ ಕಟ್ಟಿ ಓಡಿಸಿದ್ದರು. ನೀನು ನೋಡಿಕೊಳ್ಳುತ್ತಿದ್ದ ಪಾಳಿಯಲ್ಲಿ, ಯಂತ್ರ ತೊಳೆಯುವ ಅಕ್ಕ ಮುಚ್ಚಳ ತೆರೆದು ಕೈ ಹಾಕಿದಳು. ಎರಡು ಬೆರಳು ಹೋದವು. ವಿಚಾರಣೆಗೆ ನೀನು ನಮ್ಮ ಮಾತಿನಲ್ಲಿ ಹೇಳಿದೆ: "ಲಾಕ್ ಕೆಟ್ಟಿದೆ ಅಂತ ಇಂಜಿನಿಯರುಗಳಿಗಾಗಲಿ ನನಗಾಗಲಿ ಯಾರೂ ಹೇಳಿರಲಿಲ್ಲ." ಕಾರ್ಖಾನೆಯ ಆಫೀಸಿನಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದವಳು ನಾನು. ಇಂಜಿನಿಯರುಗಳು ಇಬ್ಬರು, ನೀನು ಒಬ್ಬ. ಏಕವಚನದ ವಾಸ್ ಹಾಕಲೋ ಬಹುವಚನದ ವರ್ ಹಾಕಲೋ ತಿಳಿಯಲಿಲ್ಲ. ಹೆಡ್ ಗುಮಾಸ್ತರನ್ನು ಕೇಳೋಣವೆಂದು ಅಷ್ಟು ಜಾಗ ಖಾಲಿ ಬಿಟ್ಟೆ. ಅವರು ಊಟಕ್ಕೆ ಹೋಗಿದ್ದರು. ಅಷ್ಟರಲ್ಲಿ ಮೇಲಿನಿಂದ ಕರೆ ಬಂತು, ಹಾಳೆ ಹಾಗೆಯೇ ಮೇಲೆ ಹೋಯಿತು. ಶುದ್ಧಪ್ರತಿ ಮಾಡಿದವರು ಖಾಲಿ ಜಾಗವನ್ನು ಮುಚ್ಚಿಬಿಟ್ಟರು, ನಿನ್ನ ಮಾತು ನೀವೇ ಯಾರಿಗೂ ಹೇಳಲಿಲ್ಲ ಎಂದಾಯಿತು. ಇಂಜಿನಿಯರುಗಳು ತಮಗೆ ಗೊತ್ತೇ ಇರಲಿಲ್ಲವೆಂದು ಬೇರೆಯಾಗಿ ಬರೆದುಕೊಟ್ಟಿದ್ದರು. ಗೊತ್ತಿದ್ದೂ ಹೇಳದವನಾಗಿ ಉಳಿದವನು ನೀನೊಬ್ಬ, ಕೆಲಸ ಹೋದದ್ದೂ ನಿನ್ನದೇ.

ತರಗತಿಯಲ್ಲಿ ಇದು ತಿಳಿದ ಮೇಲೂ ಐದು ದಿನ ಬಾಯಿ ಬಿಡಲಿಲ್ಲ. ಕೆಲಸ ಹೋದರೆ ಅಮ್ಮನ ಗತಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಆರನೆಯ ದಿನ ಕಡತದ ಕೋಣೆಗೆ ಹೋದೆ. ಕಡತ ನೋಡಿಕೊಳ್ಳುವ ಮುದುಕ ಒಂದು ಮಾತೂ ಕೇಳದೆ ಏಣಿ ಹತ್ತಿ ನಿನ್ನ ಕಟ್ಟನ್ನು ಇಳಿಸಿಕೊಟ್ಟ. ನನ್ನ ಮೊದಲ ಹಾಳೆ ಅದರಲ್ಲೇ ಇತ್ತು. ಖಾಲಿ ಜಾಗವೂ ಇತ್ತು. ಮ್ಯಾನೇಜರ ಮುಂದೆ ಅದನ್ನೂ ಶುದ್ಧಪ್ರತಿಯನ್ನೂ ಇಟ್ಟೆ. ಒಂದು ಪದಕ್ಕೋಸ್ಕರ ಮುಗಿದುಹೋದದ್ದನ್ನು ಯಾಕೆ ಕೆದಕುತ್ತೀರಿ ಎಂದರು. "ಆ ಒಂದು ಪದಕ್ಕೆ ನಮ್ಮಣ್ಣ ಊರು ಬಿಟ್ಟ, ಸಾರ್" ಎಂದೆ. ತಪ್ಪು ನನ್ನದೆಂದು ಬರೆದು ಸಹಿ ಹಾಕಿ ಬಂದೆ. ಈಗ ನನ್ನನ್ನು ಮನೆಯಲ್ಲಿರಲು ಹೇಳಿದ್ದಾರೆ. ಅಮ್ಮನಿಗೆ ರಜೆ ಎಂದಿದ್ದೇನೆ. ನಂಬಿದ ಹಾಗೆ ಮಾಡುತ್ತಿದ್ದಾಳೆ.

ಯಂತ್ರ ತೊಳೆಯುವ ಅಕ್ಕನ ಮನೆಗೂ ಹೋಗಿದ್ದೆ. ಎಡಗೈಯಲ್ಲೇ ಬಾಗಿಲು ತೆರೆದಳು. ಎಲ್ಲವನ್ನೂ ಹೇಳಿದೆ. ಕೊನೆಗೆ, "ನನ್ನ ಬೆರಳಂತೂ ಬರಲ್ಲ. ಆದ್ರೆ ಅವನು ಗೊತ್ತಿದ್ದೂ ಸುಮ್ಮನಿದ್ದ ಅಂತ ಇಷ್ಟು ದಿನ ಶಾಪ ಹಾಕ್ತಿದ್ದೆ. ಅದನ್ನ ಇವತ್ತಿಗೆ ಬಿಟ್ಟೆ ಅಂತ ಹೇಳು" ಎಂದಳು. ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ವಿಚಾರಣೆ ಮತ್ತೆ ನಡೆಯುತ್ತದೆ, ಜುಲೈ ಎರಡಕ್ಕೆ. ನೀನೇ ಬಂದು ಬಾಯಿಮಾತಿನಲ್ಲಿ ಹೇಳಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೂಟೆ ಎತ್ತುವಾಗ ಸೊಂಟದ ಮೇಲೆ ನಿಗಾ ಇರಲಿ. ಅಮ್ಮನ ಆಶೀರ್ವಾದ ಕೇಳಿ ಬರೆದದ್ದಲ್ಲ, ಆದರೆ ಅದು ನಿನ್ನ ಮೇಲೆ ಇದ್ದೇ ಇದೆ.

ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನಿನ್ನ ಕಡತದಲ್ಲಿ ಇನ್ನೊಂದು ಚೀಟಿ ಇತ್ತು. ಹೇಳಿಕೆಯನ್ನು ಟೈಪ್ ಮಾಡಿದವರಿಂದ ತಪ್ಪಾಗಿದೆಯೇ ಎಂದು ವಿಚಾರಣೆಯವರು ನಿನ್ನನ್ನು ಕೇಳಿದ್ದಾರೆ. ನೀನು ಇಲ್ಲ ಎಂದು ಬರೆದಿದ್ದೀಯ. ಆಗ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ತಪ್ಪು ನನ್ನದೆಂದು ನಿನಗೆ ಅಂದೇ ಗೊತ್ತಿತ್ತು, ಅಲ್ಲವೇ ಅಣ್ಣಾ? ಈ ಸಲವೂ ಅದನ್ನೇ ಕೇಳುತ್ತಾರೆ. ಹೌದು ಎಂದು ಬರೆ.