ಬಸವನಹುಳು ತಲೆಯ ಹೆಂಗಸಿನ ಅಸಲು ಅಳತೆ

ಜ್ಯೂರಿಕ್, ಗುರುವಾರ

ಅಕ್ಕಾ,

ಇಬ್ಬರೂ ಕ್ಷೇಮವಾಗಿ ತಲುಪಿದೆವು. ನಮ್ಮವರ ಹುಚ್ಚು ನಿನಗೆ ಗೊತ್ತೇ ಇದೆ. ಕನಸಿನಂಥ ವಿಚಿತ್ರ ಸರ್ರಿಯಲಿಸ್ಟ್ ಶಿಲ್ಪಗಳ ಪ್ರದರ್ಶನ ಯಾವ ಊರಿನಲ್ಲಿ ನಡೆದರೂ ಹೋಗಿ ಪೋಸ್ಟರ್ ತರಬೇಕು, ಶಿಲ್ಪವನ್ನು ಮಾತ್ರ ಕಣ್ಣೆತ್ತಿಯೂ ನೋಡಬಾರದು. ಮ್ಯೂಸಿಯಂ ಅಂಗಡಿಯಿಂದ ನೇರವಾಗಿ ರೈಲಿಗೆ. ಇವತ್ತು ಅಂಗಡಿ ಇನ್ನೂ ತೆರೆದಿರಲಿಲ್ಲ, ಹೊರಗೆ ಜೋರು ಮಳೆ. ವಿಧಿಯಿಲ್ಲದೆ ಒಳಗೆ ಹೋದೆವು.

ನಮ್ಮ ಮಂಚದ ಹಿಂದಿನ ಪೋಸ್ಟರಿನಲ್ಲಿ ಗೋಡೆ ತುಂಬ ನಿಂತಿದ್ದಾಳಲ್ಲ, ಬಸವನಹುಳು ತಲೆಯ ಕಂಚಿನ ಹೆಂಗಸು, ಅವಳು ಅಲ್ಲಿದ್ದಳು. ಗಾಜಿನ ಪೆಟ್ಟಿಗೆಯೊಳಗೆ, ನನ್ನ ಹೆಬ್ಬೆರಳಿನಷ್ಟು!

ನಮ್ಮವರು ಕಾವಲಿನ ಹೆಂಗಸಿನ ಮೇಲೆ ರೇಗಿದರು. "ಏನಮ್ಮಾ, ಜನಕ್ಕೆ ಟೋಪಿ ಹಾಕ್ತಿದೀರಾ? ದೊಡ್ಡದನ್ನ ಎಲ್ಲಿ ಬಚ್ಚಿಟ್ಟಿದೀರಿ?"

"ದೊಡ್ಡದು ಅಂತ ಯಾವುದೂ ಇಲ್ಲ ಸ್ವಾಮಿ. ಇದೇ ಅಸಲು."

"ಸುಮ್ನಿರಿ! ಇಪ್ಪತ್ತು ವರ್ಷದಿಂದ ಇವಳ ಕಾಲ ಹತ್ರಾನೇ ಮಲಗ್ತಿದೀನಿ. ನನಗೇ ಹೇಳ್ತೀರಾ?"

ಸುತ್ತಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು.

ಅವರು ಸಿಡಿಮಿಡಿಗೊಂಡು, ಅಷ್ಟರಲ್ಲಿ ತೆರೆದಿದ್ದ ಅಂಗಡಿಗೆ ನಡೆದರು. ನಾನು ಅಲ್ಲೇ ಉಳಿದು ಪೆಟ್ಟಿಗೆಯ ಸುತ್ತ ಬಂದೆ. ಪೋಸ್ಟರಿನಲ್ಲಿ ಅವಳ ಬೆನ್ನು ಕಾಣುವುದೇ ಇಲ್ಲ. ಹಿಂದಕ್ಕೆ ಮರೆಮಾಡಿಕೊಂಡ ಕೈಯಲ್ಲಿ ಮುಷ್ಟಿ ಬಿಗಿ ಹಿಡಿದಿದ್ದಾಳೆ ಅಕ್ಕಾ! ನನಗೆ ನಗು ಬಂತು, ಆಮೇಲೆ ಕಣ್ಣು ತುಂಬಿತು.

ಅವರ ಮಂಡಿನೋವು ಪರವಾಗಿಲ್ಲ. ನಾಳೆ ಹೊಸ ಪೋಸ್ಟರ್ ಹಿಡಿದುಕೊಂಡು ಒಬ್ಬರೇ ಲಿಯೋನ್‌ಗೆ, ಮನೆಗೆ ಬರುತ್ತಾರೆ. ಅವರಿಗೆ ಒಂದಿಷ್ಟು ಸೂಪ್ ಕಳಿಸು. "ನೋಡಿದ್ದಾಯ್ತಲ್ಲ, ಇನ್ನೇನಿದೆ ಇಲ್ಲಿ?" ಎಂದು ಕೇಳುತ್ತಿದ್ದಾರೆ. ನಾನು ಭಾನುವಾರದವರೆಗೂ ಇದ್ದು, ಇಲ್ಲಿರುವ ಉಳಿದ ಕಂಚಿನವರ ಬೆನ್ನನ್ನೂ ನೋಡಿಕೊಂಡು ಬರುತ್ತೇನೆ.

ಕಾಗದದಲ್ಲಿ ಜಾಗ ಮುಗಿಯಿತು.

ಒದೀಲ್