ಗೊಂಬೆಯ ಕುತ್ತಿಗೆ

ಮಾರ್ಚ್ ೩೧, ಮಂಗಳವಾರ

ಜೀಪಿನ ಹಿಂಬಾಗಿಲು ಬಡಿದ ಸದ್ದು ಇನ್ನೂ ಕಿವಿಯಲ್ಲೇ ಇದೆ.

ಹೊಸ ತಾಯ್ತಂದೆಯರಿಗೆ ಮಗು ನೋಡಿಕೊಳ್ಳುವುದನ್ನು ಹೇಳಿಕೊಡುವ ನನ್ನ ತರಗತಿಗೆ ನಗರಸಭೆಯಲ್ಲಿ ಇನ್ನು ದುಡ್ಡಿಲ್ಲವಂತೆ. ಅಧ್ಯಕ್ಷರ ಕೋಣೆಯ ಹೊಸ ಸೋಫಾಕ್ಕೆ ಇತ್ತು. ಇವತ್ತು ಅಲ್ಲಿನ ಗುಮಾಸ್ತ ತರಗತಿಯ ಸಾಮಾನು ಒಯ್ಯಲು ಬಂದ. ಮಗು ಎತ್ತುವುದನ್ನು ಕಲಿಸುವ ಗೊಂಬೆಯನ್ನು ಕಾಲು ಹಿಡಿದು ಎತ್ತಿದ್ದೇ ತಡ, ತರಗತಿಗೆ ಬಂದಿದ್ದ ತಾಯಂದಿರೆಲ್ಲ ಒಟ್ಟಿಗೆ ಚೀರಿದರು: "ಅಯ್ಯೋ, ಕುತ್ತಿಗೆ ಕೆಳಗೆ ಕೈ ಇಡಿ ಸಾರ್!"

ಬೆಚ್ಚಿಬಿದ್ದು ಕೈ ಇಟ್ಟ. ಎದೆಗೂ ಅವಚಿಕೊಂಡ. "ಹೀಗಾ ಮೇಡಂ?" ಎಂದು ಕೇಳಿದ.

"ಹೂಂ, ಹಾಗೇ. ಶಭಾಷ್!" ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಜೀಪಿನವರೆಗೂ ಹಾಗೆಯೇ ಜೋಪಾನವಾಗಿ ಒಯ್ದ. ಅಲ್ಲಿ ಕೆಟ್ಟ ಫ್ಯಾನುಗಳ ಮಧ್ಯೆ ತುರುಕಿ ಬಾಗಿಲು ಹಾಕಿದ.

ಅದು ಗೊಂಬೆ, ಅಳುವುದಿಲ್ಲ. ಮುಂದಿನ ತಿಂಗಳು ಹೆರುವವರ ಕೂಸುಗಳು...